ಷವರ್ ಬಚ್ಚಲಿಗೆ ಬಟ್ಟಲಿನ ಟ್ರ್ಯಾಪಾ, ಪಿ ಟ್ರ್ಯಾಪಾ?

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೊದಲ ಮಹಡಿಯ ಬಚ್ಚಲಲ್ಲಿ ಷವರ್ ಬರುತ್ತದೆ. ಅಲ್ಲಿ ಸ್ಲ್ಯಾಬ್ ಒಂದು ಅಡಿ ಇಳಿಸಿದ್ದಾರೆ. ನೆಲದ ನೀರು ಹೋಗುವ ಬಾಯಿಗೆ, ಜಾಲಿಯ ಕೆಳಗೆ ಕೂರಿಸುವ ಟ್ರ್ಯಾಪ್ ಬೇಕು. ಮೇಸ್ತ್ರಿ ತಂದಿರುವುದು ಗಿಡ್ಡ ಟ್ರ್ಯಾಪ್, ಒಳಗೆ ಬೋರಲಾಗಿ ಕೂರುವ ಪ್ಲಾಸ್ಟಿಕ್ ಬಟ್ಟಲಿದೆ. ಅಂಗಡಿಯವರು ಬಾಗಿದ ಪೈಪಿನಂತಿರುವ ಪಿ ಟ್ರ್ಯಾಪ್ ಹಾಕಿಸಿ ಅಂತಾರೆ. ಜಾಲಿ ಒಳ್ಳೇದಿದ್ರೆ ವಾಸನೆ ಬರಲ್ಲ ಅಂತ ಮೇಸ್ತ್ರಿ ವಾದ. ಯಾರ ಮಾತು ಕೇಳಲಿ ಸಾರ್?

ಉತ್ತರ (ಪ್ಲಂಬರ್): ಅಂಗಡಿಯವರ ಮಾತು ಕೇಳಿ. ಜಾಲಿ ತಡೆಯುವುದು ಕೂದಲು, ಸೋಪಿನ ಚೂರು ಅಷ್ಟೇ. ವಾಸನೆ ತಡೆಯುವುದು ಟ್ರ್ಯಾಪಿನ ಒಳಗೆ ನಿಂತ ನೀರು. ಆ ನೀರಿನ ತಡೆ 50 ಮಿ.ಮೀ., ಅಂದರೆ ಎರಡು ಇಂಚಾದರೂ ಇರಬೇಕು.

ಬಟ್ಟಲಿನ ಟ್ರ್ಯಾಪಿನಲ್ಲಿ ಎರಡು ತೊಂದರೆ. ನೀರು ನಿಲ್ಲುವುದೇ ಕಡಿಮೆ. ಇನ್ನೊಂದು ದೊಡ್ಡದು: ಬಟ್ಟಲಿಗೆ ಕೂದಲು ಸುತ್ತಿಕೊಂಡು ನೀರು ಕಟ್ಟುತ್ತದೆ. ಮನೆಯವರು ಬಟ್ಟಲನ್ನೇ ಕಿತ್ತು ಕಿಟಕಿ ಮೇಲೆ ಶಾಂಪೂ ಬಾಟಲಿ ಪಕ್ಕ ಇಟ್ಟುಬಿಡುತ್ತಾರೆ. ನೀರು ಸರಾಗ ಹೋಗುತ್ತದೆ, ಜೊತೆಗೆ ಪೈಪಿನ ಗಾಳಿ, ಜಿರಳೆ ಎಲ್ಲ ಮೇಲೆ ಬರುತ್ತವೆ. ವಾಸನೆ ಅಂತ ಕರೆದ ಮನೆಗೆ ಹೋದರೆ ನಾನು ಮೊದಲು ನೋಡುವುದು ಆ ಕಿಟಕಿಯನ್ನೇ!

ಪಿ ಟ್ರ್ಯಾಪಿನಲ್ಲಿ ಬಾಗು ಮೈಯಲ್ಲೇ ಇರುತ್ತದೆ, ಕಿತ್ತು ಇಡೋಕಾಗಲ್ಲ. ಬಾಯಿ 4 ಇಂಚು, ಔಟ್‌ಲೆಟ್ 3 ಇಂಚು ಇರುವುದು ತಗೊಳ್ಳಿ. ಕೈ ಹಾಕಿ ಕೂದಲು ತೆಗೆಯಬಹುದು. ಒಂದು ಅಡಿ ಇಳಿಸಿದ್ದೀರಲ್ವಾ, ಜಾಗಕ್ಕೇನೂ ಕೊರತೆಯಿಲ್ಲ. ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು ಕೊಡಿಸಿ.

ಇನ್ನೊಬ್ಬರು: ನಮ್ಮದು ಎಸ್ ಟ್ರ್ಯಾಪ್. ಸ್ನಾನ ಮುಗಿದ ಮೇಲೆ ಗುಳುಗುಳು ಸದ್ದು, ಆಮೇಲೆ ನಾತ. ಯಾಕಣ್ಣ?

ಉತ್ತರ: ಎಸ್ ಟ್ರ್ಯಾಪಿನ ಪೈಪ್ ನೇರ ಕೆಳಗೆ ಇಳಿಯುತ್ತದೆ. ರಭಸದಲ್ಲಿ ಇಳಿಯುವ ನೀರು ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ಸದ್ದು ಅದರದೇ. ಸದ್ಯಕ್ಕೆ ಸ್ನಾನದ ನಂತರ ನಿಧಾನಕ್ಕೆ ಎರಡು ಚೊಂಬು ನೀರು ಹಾಕಿ. ಡ್ರೈನ್ ಪೈಪಿಗೆ ಗಾಳಿ ಆಡಲು ಮೇಲಕ್ಕೆ ಬಿಡುವ ಗಾಳಿ ಪೈಪ್ ಇದೆಯಾ, ಕಟ್ಟಿದೆಯಾ ಅಂತಲೂ ನೋಡಿಸಿ.

ಮತ್ತೊಬ್ಬರು: ಅತಿಥಿಗಳ ಬಚ್ಚಲು ನಾವು ಬಳಸೋದೇ ಇಲ್ಲ. ಅಲ್ಲೂ ವಾಸನೆ.

ಉತ್ತರ: ನೀರು ಒಣಗಿರುತ್ತದೆ ಮೇಡಂ. ವಾರಕ್ಕೊಮ್ಮೆ ಒಂದು ಚೊಂಬು ನೀರು ಸುರಿಯಿರಿ, ಸಾಕು. ತುಂಬಾ ದಿನ ಊರಿಗೆ ಹೋಗುವಾಗ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಹೊಸದಾಗಿ ಕಟ್ಟುವವರು ಪಕ್ಕದಲ್ಲಿ ತೂತಿರುವ ಮಲ್ಟಿ ಫ್ಲೋರ್ ಟ್ರ್ಯಾಪ್ ಹಾಕಿಸಿ, ವಾಶ್ ಬೇಸಿನ್ ನೀರನ್ನು ಅದಕ್ಕೇ ಬಿಡಬಹುದು. ಕೈ ತೊಳೆದಾಗಲೆಲ್ಲ ಟ್ರ್ಯಾಪ್ ತುಂಬುತ್ತದೆ. ಕಮೋಡಿನ ಪೈಪನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

ಪ್ರಶ್ನೆ ಕೇಳಿದವರು: ಎರಡಕ್ಕೂ ನೀರು ತುಂಬಿ ಸ್ಕೇಲ್ ಹಿಡಿದು ನೋಡಿದೆ ಸಾರ್. ಬಟ್ಟಲಿನದು ಒಂದು ಇಂಚೂ ಇಲ್ಲ. ಪಿ ಟ್ರ್ಯಾಪ್ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಮೇಸ್ತ್ರಿನೂ ಒಪ್ಪಿದ. ನಾಳೆ ಕೂರಿಸುತ್ತಾರೆ.

ಉತ್ತರ: ಕೂರಿಸಿದ ತಕ್ಷಣ ಬಾಯಿಗೆ ಗೋಣಿಚೀಲ ತುರುಕಿಸಿ. ಟೈಲ್ಸ್ ಹಾಕುವಾಗ ಸಿಮೆಂಟ್ ಹಾಲು ಇಳಿದು ಬಾಗಿನಲ್ಲಿ ಗಟ್ಟಿಯಾದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಸ್ಲ್ಯಾಬ್ ಇಳಿಸಿದ ಗುಂಡಿ ಮುಚ್ಚುವ ಮುಂಚೆ ಅದರಲ್ಲಿ ಒಂದು ದಿನ ಪೂರ್ತಿ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ.