ಹೆಡ್ ಬೋಳಿಸುವ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆ. ಗಿರ್ಮಿಟ್ ಬಂದಿದೆ, ಮಿರ್ಚಿ ಇನ್ನೂ ಎಣ್ಣೆಯಲ್ಲಿದೆ. ನವಲೂರಿನ ಏರಿನಲ್ಲಿ ವಕೀಲರ ಹಳೆಯ ಅಂಬಾಸಿಡರ್ ಏದುಸಿರು ಬಿಡುತ್ತದೆ ಎಂಬುದು ಇಂದಿನ ವ್ಯಾಜ್ಯ.

“ಇಂಜಿನ್ನಿನ ಮೇಲಿನ ಮುಚ್ಚಳ, ಆ ಹೆಡ್ಡನ್ನು ಎರಡು ಮಿಲಿಮೀಟರ್ ಕೆರೆಸಿಬಿಡೋಣ. ಒಳಗಿನ ಆವಿ ಇನ್ನಷ್ಟು ಒತ್ತಿ ಕಂಪ್ರೆಶನ್ ಏರಿದರೆ ಗಾಡಿ ಹಾರುತ್ತದೆ,” ಎಂದರು ವಕೀಲರು.

“ಎರಡು ಎಂದು ಹೇಳಿದವರು ಯಾರು?” ಲೇತ್ ಯಂತ್ರ ನಡೆಸುವ ಲೇತ್ ಕಾಕಾ ಕೇಳಿದರು.

“ಎಲ್ಲರೂ ಹೇಳುತ್ತಾರೆ.”

“ತಲೆ ಬೋಳಿಸಿದರೆ ಕೂದಲು ಮತ್ತೆ ಬರುತ್ತದೆ. ಹೆಡ್ ಬೋಳಿಸಿದರೆ ಕಬ್ಬಿಣ ಚಿಗುರುವುದಿಲ್ಲ ವಕೀಲರೇ. ಮೊದಲು ಅಳತೆ.”

ಅಳತೆಯ ಮಾತು ಬಂದರೆ ಕಾಕಾ ಚಹಾ ಮರೆಯುತ್ತಾರೆ. ಹೆಡ್ಡನ್ನು ಮಗುಚಿ ಮಟ್ಟವಾಗಿ ಇಡಬೇಕು. ಪ್ಲಗ್ ಬಿಗಿದು, ವಾಲ್ವುಗಳ ಅಂಚಿಗೆ ಗ್ರೀಸ್ ಸವರಬೇಕು. ಮೇಲೆ ಸಣ್ಣ ತೂತಿನ ಗಾಜು ಮುಚ್ಚಿ, ಬ್ಯೂರೆಟ್ಟಿನಿಂದ ಸೀಮೆಎಣ್ಣೆ ಬಿಡಬೇಕು. ಕೊನೆಯ ಗುಳ್ಳೆ ತೂತಿನಿಂದ ಹೊರಬಿದ್ದಾಗ ಎಷ್ಟು ಸಿಸಿ ಇಳಿದಿದೆಯೋ ಅದೇ ಪೆಟ್ರೋಲ್ ಉರಿಯುವ ಚೇಂಬರಿನ ಗಾತ್ರ. ಗ್ಯಾಸ್ಕೆಟ್ಟಿನ ದಪ್ಪದ ಜಾಗವನ್ನೂ ಅದಕ್ಕೆ ಕೂಡಿಸಬೇಕು.

ಗಣಿತದ ಮಾಸ್ತರರು ನಿವೃತ್ತರಾಗಿದ್ದಾರೆ, ಗಣಿತ ಆಗಿಲ್ಲ. “1489 ಸಿಸಿ, ನಾಲ್ಕು ಸಿಲಿಂಡರ್. ಒಂದಕ್ಕೆ 372. ಮೇಲಿನ ಜಾಗ ಎಲ್ಲ ಸೇರಿ 60 ಇದ್ದರೆ, ಎರಡೂ ಕೂಡಿ 432. ಅದನ್ನು 60ರಿಂದ ಭಾಗಿಸಿ: ಕಂಪ್ರೆಶನ್ 7.2. ಕೆರೆದು 6 ಸಿಸಿ ತೆಗೆದರೆ 7.9.”

“ಅಂದರೆ ಶಕ್ತಿ ಎಷ್ಟು ಹೆಚ್ಚಿತು?”

“ಪುಸ್ತಕದ ಸೂತ್ರದಲ್ಲಿ ಸುಮಾರು ಶೇಕಡಾ 3.”

ವಕೀಲರ ಮುಖ ಕೇಸು ಸೋತಂತಾಯಿತು. “ಹಾಗಾದರೆ ಇನ್ನೂ ಕೆರೆಯೋಣ!”

“ಕೆರೆಯಿರಿ,” ಎಂದರು ಕಾಕಾ. “ಅತಿಯಾದರೆ ಜ್ವಾಲೆ ತಲುಪುವ ಮೊದಲೇ ಮೂಲೆಯ ಪೆಟ್ರೋಲ್ ಆವಿ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ ಟಣಟಣ ಸದ್ದು, ಕೊನೆಗೆ ಪಿಸ್ಟನ್ನಿಗೆ ತೂತು. ವಾಲ್ವ್ ಪಿಸ್ಟನ್ನಿಗೆ ಎಷ್ಟು ಹತ್ತಿರವಾಯಿತು ಎಂದು ನೋಡಬೇಕು. ಕೆಳಗಿನಿಂದ ವಾಲ್ವ್ ನಡೆಸುವ ಕಡ್ಡಿ, ಆ ಪುಶ್‌ರಾಡ್, ಉದ್ದವಾದಂತಾಗುತ್ತದೆ, ಟ್ಯಾಪೆಟ್ಟಿನ ಸಂದು ಮತ್ತೆ ಹೊಂದಿಸಬೇಕು. ನಿಮ್ಮ ಪುಣ್ಯ, ವಾಲ್ವ್ ತೆರೆಸುವ ಕ್ಯಾಮ್ ಹೆಡ್ಡಿನಲ್ಲಿಲ್ಲ, ಕೆಳಗೆ ಇಂಜಿನ್ ಬ್ಲಾಕಿನಲ್ಲಿದೆ. ಮೇಲಿದ್ದರೆ ಚೈನ್ ಸಡಿಲಾಗಿ, ವಾಲ್ವ್ ತೆರೆಯುವ ಟೈಮಿಂಗೂ ಹಿಂದೆ ಸರಿಯುತ್ತಿತ್ತು.”

ಮಿರ್ಚಿ ಬಂತು. ಮಾಸ್ತರರು ಒಂದನ್ನು ಬಾಯಿಗಿಟ್ಟು ಲೆಕ್ಕ ಮುಂದುವರಿಸಿದರು: “ಕಾರು, ನಾವಿಬ್ಬರು ಸೇರಿ ಸುಮಾರು 13 ಕ್ವಿಂಟಾಲ್. ಅದರಲ್ಲಿ ಒಂದು ಕ್ವಿಂಟಾಲ್ ಇಳಿಸಿದರೆ ಶೇಕಡಾ 7ಕ್ಕೂ ಮೀರಿದ ಲಾಭ. ಹೆಡ್ ಬಿಚ್ಚುವ ಖರ್ಚೂ ಇಲ್ಲ.”

“ಒಂದು ಕ್ವಿಂಟಾಲ್ ಎಲ್ಲಿಂದ ಇಳಿಸುವುದು?” ಎಂದ ವಕೀಲರು ಮಾಸ್ತರರನ್ನು ತಲೆಯಿಂದ ಹೊಟ್ಟೆಯವರೆಗೆ ನಿಧಾನವಾಗಿ ನೋಡಿದರು.

“ನಾಳೆ ಧಾರವಾಡಕ್ಕೆ ನನ್ನ ಕಾರು ಬೇಡ, ಚಿಗರಿ ಬಸ್ಸಿಗೆ ಬನ್ನಿ ಮಾಸ್ತರರೇ. ಟಿಕೆಟ್ಟಿನ ಹಣ ನನ್ನದು.”