ಜಗಳ ಆದಮೇಲೆ ಮಾತು ಬಿಡುವವರ ಜೊತೆ ಏಗುವುದು ಹೇಗೆ?

ಪ್ರಶ್ನೆ:
ಮದುವೆಯಾಗಿ 9 ವರ್ಷ. ಜಗಳ ಶುರುವಾದರೆ ಅಲ್ಲೇ ಮಾತಾಡಿ ಮುಗಿಸಬೇಕು ಅನ್ನುವವಳು ನಾನು. ನಮ್ಮವರು ಎದ್ದು ಹೋಗಿಬಿಡುತ್ತಾರೆ. ಆಮೇಲೆ ಎರಡು ದಿನ, ಕೆಲವು ಸಲ ಮೂರು ದಿನ ಮಾತಿಲ್ಲ. ಹಿಂದೆ ಹಿಂದೆ ಹೋಗಿ ಕೇಳಿದರೆ ಇನ್ನೂ ಜಾಸ್ತಿ ಬಿಗಿಯಾಗುತ್ತಾರೆ. ಮೊನ್ನೆ ಮಗಳಿಗೆ, "ಅಪ್ಪನಿಗೆ ಊಟಕ್ಕೆ ಬರೋಕೆ ಹೇಳು" ಅಂದೆ. "ನೀನೇ ಹೇಳಮ್ಮ" ಅಂದುಬಿಟ್ಟಳು. ಇದನ್ನು ದಾಟಿ ಬಂದವರು ಇದ್ದರೆ ಏನು ಮಾಡಿದಿರಿ ಹೇಳಿ.

ಉತ್ತರ 1:
ನಾನೂ ನಿಮ್ಮ ಮನೆಯವರ ಪೈಕಿಯೇ. ನೋಡುವವರಿಗೆ ಕಲ್ಲು. ಒಳಗೆ ಎದೆ ಡವಡವ ಅನ್ನುತ್ತಿರುತ್ತದೆ, ಕಿವಿ ಬಿಸಿ. ಹೆಂಡತಿಯ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಬಾಯಿ ತೆರೆದರೆ ಏನು ಬಂದುಬಿಡುತ್ತದೋ ಅನ್ನುವ ಭಯ ಬೇರೆ. ಯಾಕೆ ಹೀಗಾಗುತ್ತದೆ ಅಂತ ತಿಳಿದಿದ್ದು ಕೌನ್ಸೆಲಿಂಗ್‌ಗೆ ಹೋದ ಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ ಹೆಂಡತಿಯನ್ನು ಲ್ಯಾಬಿನಲ್ಲಿ ಕೂರಿಸಿ, ಜಗಳದ ವಿಷಯವನ್ನೇ ಮಾತಾಡಿಸಿ, ಎದೆಬಡಿತ ಅಳೆದವರು. ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಕಷ್ಟ, ಮೈ ತಣ್ಣಗಾಗಲು ಕಡಿಮೆಯೆಂದರೂ 20 ನಿಮಿಷ ಬೇಕು ಅನ್ನುತ್ತಾರೆ ಅವರು. ಹೀಗೆ ಗೋಡೆಯಾಗಿ ಕೂರುವವರಲ್ಲಿ ಗಂಡಸರೇ ಜಾಸ್ತಿ ಅಂತಲೂ ಕಂಡುಕೊಂಡರು.

20 ನಿಮಿಷ ಅಂದರು, ನೋಡಿ. ನಾನು ತೆಗೆದುಕೊಳ್ಳುತ್ತಿದ್ದದ್ದು ಎರಡು ದಿನ! ಮೊದಲ ಅರ್ಧ ಗಂಟೆ ನಿಜವಾಗಿ ಮೈಗೆ ಬೇಕಿತ್ತು. ಉಳಿದಿದ್ದೆಲ್ಲ ಹಟ. ಮೊದಲು ಮಾತಾಡಿದವರು ಸೋತಂತೆ ಅನ್ನುವ ಲೆಕ್ಕ. "ಅವಳು ಹಾಗಂದಳಲ್ಲ" ಅಂತ ಮೆಲುಕು ಹಾಕುತ್ತಾ ಕೂತರೆ ಸಿಟ್ಟು ಆರುವುದೂ ಇಲ್ಲ. ನನಗೆ ಕೆಲಸಕ್ಕೆ ಬಂದದ್ದು ಪಾತ್ರೆ ತೊಳೆಯುವುದು. ಈಗ ಎದ್ದು ಹೋಗುವಾಗ ವಾಪಸ್ ಬರುವ ಸಮಯ ಹೇಳಿ ಹೋಗುತ್ತೇನೆ. "ಈಗ ಆಗಲ್ಲ, ಒಂಬತ್ತಕ್ಕೆ ಮಾತಾಡೋಣ." ಒಂಬತ್ತಕ್ಕೆ ನಾನೇ ಬರಬೇಕು, ಅವಳು ಕರೆಯುವಂತಿಲ್ಲ. ಮೊದಲ ಸಲ ಮರೆತೆ. ಬೇಕಂತಲೇ ಮರೆತೆ ಅಂದರೂ ಸರಿ.

ಉತ್ತರ 2:
ಹಿಂದೆ ಹೋಗಬೇಡ ಅಂತ ಎಲ್ಲರೂ ಹೇಳುತ್ತಾರೆ. ಆ ಹೊತ್ತು ಕಳೆಯುವುದು ಹೇಗೆ ಅಂತ ಯಾರೂ ಹೇಳಲ್ಲ. ನಾನು ಫೋನಿನಲ್ಲಿ ಬರೆದುಕೊಳ್ಳುತ್ತೇನೆ, ಕಳಿಸುವುದಿಲ್ಲ. ಮೊದಲ ಸಾಲು ಯಾವಾಗಲೂ ಬೈಗುಳ. ನಾಲ್ಕನೇ ಸಾಲಿನ ಹೊತ್ತಿಗೆ "ನನಗೆ ಭಯ ಆಗ್ತಿದೆ" ಅಂತ ಬರುತ್ತದೆ. ಒಂದು ದಿನ ಅದನ್ನೇ ಹೇಳಿಬಿಟ್ಟೆ: "ನೀವು ಸುಮ್ನಾದ್ರೆ ನನ್ನ ಬಿಟ್ಟು ಹೋಗ್ತೀರೇನೋ ಅನ್ಸುತ್ತೆ." "ನೀವು ಯಾವಾಗಲೂ ಹೀಗೇ" ಅಂದಾಗ ಬಾಯಿ ಬಿಡದವರು ಅವತ್ತು ಉತ್ತರ ಕೊಟ್ಟರು.

ಉತ್ತರ 3:
ಅಕ್ಕಾ, ನಾನು ಅಂಥ ಮನೆಯಲ್ಲಿ ಅಂಚೆಯವನಾಗಿದ್ದೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅನ್ನುತ್ತಾರಲ್ಲ, ನಮ್ಮಲ್ಲಿ ಉಣ್ಣುವುದೂ ಆಗುತ್ತಿತ್ತು, ಮಲಗುವುದೂ ಆಗುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ಅಪ್ಪ ಚಪ್ಪಲಿ ಬಿಡುವ ಸದ್ದಿನಲ್ಲೇ ಅವತ್ತಿನ ಸಂಜೆ ಹೇಗಿರುತ್ತದೆ ಅಂತ ಗೊತ್ತಾಗುತ್ತಿತ್ತು. ಅವರು ಯಾವಾಗ ರಾಜಿಯಾದರೋ, ನನಗೆ ಯಾರೂ ಹೇಳುತ್ತಿರಲಿಲ್ಲ. ನನ್ನಿಂದಲೇ ಜಗಳ ಅಂತ ಎಷ್ಟೋ ವರ್ಷ ನಂಬಿದ್ದೆ. ಮಗಳಿಗೆ "ಇದು ನಮ್ಮಿಬ್ಬರ ವಿಷಯ, ನಿನ್ನ ತಪ್ಪೇನೂ ಇಲ್ಲ" ಅಂತ ಹೇಳಿ. ಸರಿಹೋದ ಮೇಲೂ ಹೇಳಿ. ಅದನ್ನೇ ಎಲ್ಲರೂ ಮರೆಯುತ್ತಾರೆ.

ಉತ್ತರ 4:
ಮೇಲಿನವರು ಹೇಳಿದ್ದು ಸರಿ, ಆದರೆ ನನ್ನ ಮೊದಲ ಮದುವೆಗೆ ಅದು ಹೊಂದುತ್ತಿರಲಿಲ್ಲ. ಅವರು ಮಾತು ಬಿಡುತ್ತಿದ್ದದ್ದು ನನ್ನ ಜೊತೆ ಮಾತ್ರ. ಪಕ್ಕದ ಕೋಣೆಯಲ್ಲಿ ಗೆಳೆಯರ ಜೊತೆ ಫೋನಿನಲ್ಲಿ ನಗು. ನಾನು ತಪ್ಪಾಯಿತು ಅಂದ ಕೂಡಲೇ ಮುನಿಸು ಮಾಯ. ಏನು ತಪ್ಪು ಅಂತ ಗೊತ್ತಿಲ್ಲದೆಯೂ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ. ಅದು ಶಿಕ್ಷೆ ಕೊಡುವ ರೀತಿ. ದುಡ್ಡಿಗೂ ಓಡಾಟಕ್ಕೂ ಲೆಕ್ಕ ಕೇಳುತ್ತಿದ್ದರು. ಅಂಥ ಕಡೆ ಸಮಯ ಹೇಳಿ ಹೋಗುವ ಉಪಾಯ ನಡೆಯಲ್ಲ. ಕೌನ್ಸೆಲರ್ ಹತ್ತಿರ ನಾನೊಬ್ಬಳೇ ಹೋದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕನೆಯವರು ಬರೆದದ್ದು ಓದಿ ಸ್ವಲ್ಪ ಹೊತ್ತು ಕೂತು ಯೋಚಿಸಿದೆ. ನಮ್ಮವರು ಆ ದಿನಗಳಲ್ಲಿ ಯಾರ ಜೊತೆಯೂ ಮಾತಾಡಲ್ಲ, ರಾತ್ರಿ ನಿದ್ದೆಯನ್ನೂ ಮಾಡಲ್ಲ. ಜಗಳ ಇಲ್ಲದ ಹೊತ್ತು ನೋಡಿ, ನಿನ್ನೆ ಸಮಯ ಹೇಳುವ ವಿಷಯ ತೆಗೆದೆ. "ಅಲ್ಲಿವರೆಗೆ ನೀನು ಹಿಂದೆ ಬರಲ್ಲ ತಾನೇ?" ಅಂದರು. ಬರಲ್ಲ ಅಂದಿದ್ದೇನೆ. ನನ್ನಿಂದ ಆಗುತ್ತಾ ನೋಡಬೇಕು.