ಸಿಇಒ ಕಾಯಿಲೆ ಬಿದ್ದರೆ ಕಂಪನಿ ಎಷ್ಟು ಹೇಳಬೇಕು? ಸ್ಟೀವ್ ಜಾಬ್ಸ್ ವಿಷಯದಲ್ಲಿ ಆಪಲ್ ನಡೆದುಕೊಂಡದ್ದು ಸರಿಯೇ?

ಹೂಡಿಕೆ_ಮೈಸೂರು (ಪ್ರಶ್ನೆ)

ಆಪಲ್ ಸಿಇಒ ಆಗಿದ್ದ ಸ್ಟೀವ್ ಜಾಬ್ಸ್ ಅವರ ಕ್ಯಾನ್ಸರ್ ಮಾತು ಬಂದಾಗಲೆಲ್ಲ ಎರಡು ಗುಂಪು ಆಗುತ್ತವೆ. ರೋಗ ಅವರ ಸ್ವಂತ ವಿಷಯ, ಜನ ಮೂಗು ತೂರಿಸಿದ್ದೇ ತಪ್ಪು ಅನ್ನುವವರು ಒಂದು ಕಡೆ. ಸಾರ್ವಜನಿಕರಿಗೆ ಷೇರು ಮಾರಿದ ಕಂಪನಿಗೆ ಇಂಥ ಗುಟ್ಟು ಇಟ್ಟುಕೊಳ್ಳುವ ಹಕ್ಕಿಲ್ಲ ಅನ್ನುವವರು ಇನ್ನೊಂದು ಕಡೆ. ನನಗೆ ಬೇಕಿರುವುದು ವಿವರ. ಅಮೆರಿಕದ ಕಾನೂನು ಏನನ್ನು ಹೇಳಲೇಬೇಕು ಅನ್ನುತ್ತಿತ್ತು? ತಾನು ಸೊರಗಿದ್ದು ‘ಹಾರ್ಮೋನ್ ಏರುಪೇರಿ’ನಿಂದ ಎಂದು ಜಾಬ್ಸ್ 2009ರ ಜನವರಿಯಲ್ಲಿ ಬರೆದ ಪತ್ರ ಸುಳ್ಳೇ? ವೇದಿಕೆಯ ಫೋಟೊ ನೋಡಿ ಜನ ರೋಗ ಊಹಿಸಿದ್ದಕ್ಕೆ ಏನಾದರೂ ಆಧಾರ ಇತ್ತೇ? ಇದೇ ನಮ್ಮಲ್ಲಿ ಆಗಿದ್ದರೆ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಏನು ಕೇಳುತ್ತಿತ್ತು?

ಕಂಪ್ಲಯನ್ಸ್‌ಮೇಷ್ಟ್ರು

ಕಾನೂನಿನಿಂದ ಶುರು ಮಾಡೋಣ. ಸಿಇಒಗೆ ಕಾಯಿಲೆ ಬಂದರೆ ಪ್ರಕಟಿಸಬೇಕು ಅನ್ನುವ ನೇರ ನಿಯಮ ಅಮೆರಿಕದಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಎಸ್‌ಇಸಿಯ (ಅಲ್ಲಿನ ಷೇರುಪೇಟೆ ನಿಯಂತ್ರಕ) ಫಾರ್ಮ್ 8-ಕೆ, ಅಂದರೆ ಕಂಪನಿಗಳು ದೊಡ್ಡ ಬೆಳವಣಿಗೆ ತಿಳಿಸುವ ನಮೂನೆ, ಅದರ ಐಟಂ 5.02 ನೋಡಿ. ಉನ್ನತ ಅಧಿಕಾರಿ ರಾಜೀನಾಮೆ ಕೊಟ್ಟರೆ, ನಿವೃತ್ತರಾದರೆ, ವಜಾ ಆದರೆ, ಹೊಸಬರು ಬಂದರೆ ನಾಲ್ಕು ಕೆಲಸದ ದಿನಗಳೊಳಗೆ ತಿಳಿಸಬೇಕು. ರೋಗ ಆ ಪಟ್ಟಿಯಲ್ಲಿ ಇಲ್ಲ.

ಉಳಿಯುವುದು ಷೇರು ವಹಿವಾಟಿನಲ್ಲಿ ಮೋಸ ತಡೆಯುವ ನಿಯಮ 10ಬಿ-5. ಅದು ಸುಮ್ಮನಿರುವವರನ್ನು ಹಿಡಿಯುವುದಿಲ್ಲ, ಬಾಯಿ ಬಿಟ್ಟು ಅರ್ಧ ಸತ್ಯ ಹೇಳುವವರನ್ನು ಹಿಡಿಯುತ್ತದೆ. ಮಾಹಿತಿ ‘ಮಹತ್ವದ್ದು’ ಹೌದೋ ಅಲ್ಲವೋ ಅನ್ನುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್‌ನ 1988ರ ಬೇಸಿಕ್ ವರ್ಸಸ್ ಲೆವಿನ್ಸನ್ ತೀರ್ಪಿನ ಅಳತೆ ಇದೆ: ಘಟನೆ ನಡೆಯುವ ಸಂಭವ ಎಷ್ಟು, ನಡೆದರೆ ಪೆಟ್ಟು ಎಷ್ಟು, ಎರಡನ್ನೂ ಕೂಡಿಸಿ ತೂಗಬೇಕು. ಜಾಬ್ಸ್ ವಿಷಯದಲ್ಲಿ ಎರಡನೆಯದು ಎಷ್ಟು ದೊಡ್ಡದೆಂದರೆ ಸಂಭವ ಸಣ್ಣದಿದ್ದರೂ ತಕ್ಕಡಿ ವಾಲುತ್ತದೆ. ಸಿಇಒಗೆ ದೊಡ್ಡ ಶಸ್ತ್ರಚಿಕಿತ್ಸೆ ಇದೆ ಅನ್ನುವುದು ಮಹತ್ವದ ಸಂಗತಿಯೇ ಎಂದು ವಾರನ್ ಬಫೆಟ್ 2009ರಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ.

ಈಗ ಆಪಲ್ ನಡೆಯನ್ನು ಈ ಅಳತೆಗೆ ಹಚ್ಚಿ. 2003ರ ಅಕ್ಟೋಬರ್‌ನಲ್ಲಿ ಜಾಬ್ಸ್ ಅವರ ಪ್ಯಾಂಕ್ರಿಯಾಸ್‌ನಲ್ಲಿ (ಮೇದೋಜೀರಕ ಗ್ರಂಥಿ) ಗೆಡ್ಡೆ ಪತ್ತೆ, 2004ರ ಜುಲೈ 31ಕ್ಕೆ ಶಸ್ತ್ರಚಿಕಿತ್ಸೆ. ನಡುವೆ ಒಂಬತ್ತು ತಿಂಗಳು ಆಡಳಿತ ಮಂಡಳಿಗೆ ಗೊತ್ತಿತ್ತು, ಹೂಡಿಕೆದಾರರಿಗೆ ಗೊತ್ತಿರಲಿಲ್ಲ. ಇದು ಹೊರಬಿದ್ದದ್ದು 2008ರ ಮಾರ್ಚ್‌ನಲ್ಲಿ ಫಾರ್ಚೂನ್ ಪತ್ರಿಕೆಯಿಂದ. ಆ ಒಂಬತ್ತು ತಿಂಗಳು ಮನುಷ್ಯ ದಿನಾ ಕೆಲಸಕ್ಕೆ ಬರುತ್ತಿದ್ದರು, ಕಂಪನಿ ಅವರ ಆರೋಗ್ಯದ ಬಗ್ಗೆ ಏನೂ ಹೇಳಿರಲಿಲ್ಲ. ಇಷ್ಟವಾಗಲಿ ಬಿಡಲಿ, ಕಾನೂನಿನ ಲೆಕ್ಕದಲ್ಲಿ ಅದು ನಿಲ್ಲುತ್ತದೆ.

ಯಡವಟ್ಟು ಶುರುವಾದದ್ದು ಮಾತಾಡಲು ಹೊರಟ ಮೇಲೆ. 2008ರ ಜೂನ್‌ನ ಡೆವಲಪರ್ ಸಮ್ಮೇಳನದಲ್ಲಿ ಜಾಬ್ಸ್ ಸೊರಗಿ ಹೋಗಿದ್ದರು. ‘ಮಾಮೂಲಿ ಸೋಂಕು’ ಅಂದಿತು ಕಂಪನಿ. ಜುಲೈ 21ರ ತ್ರೈಮಾಸಿಕ ಫಲಿತಾಂಶದ ಬಗ್ಗೆ ವಿಶ್ಲೇಷಕರ ಜೊತೆಗಿನ ಫೋನ್ ಕರೆಯಲ್ಲಿ ಹಣಕಾಸು ಮುಖ್ಯಸ್ಥ ಪೀಟರ್ ಓಪನ್‌ಹೈಮರ್ ‘ಸ್ಟೀವ್ ಆರೋಗ್ಯ ಖಾಸಗಿ ವಿಷಯ’ ಅಂದರು. ಈ ಎರಡನೇ ಉತ್ತರ ಕಾನೂನಿನ ಪ್ರಕಾರ ಸುರಕ್ಷಿತ, ಆದರೆ ಮೊದಲನೆಯದನ್ನು ಆಗಲೇ ಹೇಳಿಯಾಗಿತ್ತಲ್ಲ! ಸಣ್ಣ ಸುದ್ದಿ ಇದ್ದಾಗ ವಿವರ ಕೊಟ್ಟು, ಆಮೇಲೆ ‘ಖಾಸಗಿ’ ಅಂದರೆ ಜನ ಆ ಪದವನ್ನೇ ಕೆಟ್ಟ ಸುದ್ದಿ ಅಂತ ಓದುತ್ತಾರೆ.

2009ರ ಜನವರಿ 5ರ ಪತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಾರ್ಮೋನ್ ಏರುಪೇರು, ಚಿಕಿತ್ಸೆ ಸರಳ, ವಸಂತದ ಕೊನೆಗೆ ತೂಕ ವಾಪಸ್, ನಾನೇ ಸಿಇಒ. ಒಂಬತ್ತೇ ದಿನಕ್ಕೆ, ಜನವರಿ 14ರಂದು, ಸಮಸ್ಯೆ ಅಂದುಕೊಂಡದ್ದಕ್ಕಿಂತ ಜಟಿಲ, ಜೂನ್ ಕೊನೆಯವರೆಗೆ ರಜೆ ಎಂಬ ಇನ್ನೊಂದು ಪತ್ರ. ಎಸ್‌ಇಸಿ ಪರಿಶೀಲಿಸುತ್ತಿದೆ ಎಂದು ಆಗ ವರದಿಯಾಗಿತ್ತು, ಆಪಲ್ ಮೇಲೆ ಪ್ರಕರಣವೇನೂ ದಾಖಲಾಗಲಿಲ್ಲ. ಹಾಗಂತ ಮಂಡಳಿಯೊಳಗೆ ಎಲ್ಲರೂ ತೃಪ್ತರಾಗಿರಲಿಲ್ಲ. ನಿರ್ದೇಶಕ ಜೆರಿ ಯಾರ್ಕ್‌ಗೆ ಈ ಮುಚ್ಚುಮರೆ ಅಸಹ್ಯ ಹುಟ್ಟಿಸಿತ್ತು ಅನ್ನುವುದು ಅವರು 2010ರ ಮಾರ್ಚ್‌ನಲ್ಲಿ ತೀರಿಕೊಂಡ ಮೇಲೆ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬಂತು.

ನನ್ನ ತೀರ್ಮಾನ: ಆಪಲ್ ಕೆಟ್ಟದ್ದು ಮೌನದಿಂದಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟಂಥ ಮಾತುಗಳಿಂದ.

ಕರುಳುಬಳ್ಳಿ

ವೈದ್ಯಕೀಯ ಭಾಗ ನಾನು ಹೇಳುತ್ತೇನೆ, ಏಕೆಂದರೆ ಈ ಚರ್ಚೆ ಹಳಿ ತಪ್ಪುವುದೇ ಇಲ್ಲಿ.

‘ಪ್ಯಾಂಕ್ರಿಯಾಸ್ ಕ್ಯಾನ್ಸರ್’ ಅಂದಕೂಡಲೇ ಜನರ ತಲೆಗೆ ಬರುವುದು ಅಡಿನೊಕಾರ್ಸಿನೋಮ ಎಂಬ ಮಾರಕ ಬಗೆ. ಹತ್ತರಲ್ಲಿ ಒಂಬತ್ತರಷ್ಟು ರೋಗಿಗಳದ್ದು ಅದೇ, ಬಹುತೇಕರು ವರ್ಷದೊಳಗೆ ಹೋಗುತ್ತಾರೆ. ಜಾಬ್ಸ್‌ಗೆ ಇದ್ದದ್ದು ಹಾರ್ಮೋನ್ ತಯಾರಿಸುವ ಐಲೆಟ್ ಕೋಶಗಳ ನ್ಯೂರೋಎಂಡೋಕ್ರೈನ್ ಗೆಡ್ಡೆ. ನಿಧಾನಕ್ಕೆ ಬೆಳೆಯುತ್ತದೆ, ಬೇಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು. 2004ರ ಆಗಸ್ಟ್ 1ರಂದು ಅವರು ಆಸ್ಪತ್ರೆಯ ಹಾಸಿಗೆಯಿಂದ ಸಿಬ್ಬಂದಿಗೆ ಬರೆದ ಮೇಲ್‌ನಲ್ಲಿ ಈ ವ್ಯತ್ಯಾಸವನ್ನು ಚೆನ್ನಾಗಿಯೇ ಬಿಡಿಸಿ ಹೇಳಿದ್ದರು. ತೊಂದರೆ ಇದ್ದದ್ದು ಮುಂದಿನ ಮಾತಿನಲ್ಲಿ: ಸಮಯಕ್ಕೆ ಸರಿಯಾಗಿ ಸಿಕ್ಕಿತು, ಕೀಮೋ ಬೇಡ, ರೇಡಿಯೇಶನ್ ಬೇಡ. ಆ ಶಸ್ತ್ರಚಿಕಿತ್ಸೆಯಲ್ಲೇ ಯಕೃತ್ತಿಗೆ ಹರಡಿದ ಮೂರು ಗಂಟು ಕಂಡಿದ್ದವು ಅನ್ನುವುದು 2011ರಲ್ಲಿ ಅಧಿಕೃತ ಜೀವನಚರಿತ್ರೆ ಬಂದಾಗ ಗೊತ್ತಾಯಿತು.

ಫೋಟೊ ವಿಷಯ. 2004ರಲ್ಲಿ ಜಾಬ್ಸ್‌ಗೆ ಆದದ್ದು ವಿಪ್ಪಲ್ ಬಗೆಯ ಶಸ್ತ್ರಚಿಕಿತ್ಸೆ. ವಿಪ್ಪಲ್‌ನಲ್ಲಿ ಪ್ಯಾಂಕ್ರಿಯಾಸ್‌ನ ತಲೆಭಾಗ, ಸಣ್ಣಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದು ಭಾಗ, ಕೆಲವೊಮ್ಮೆ ಹೊಟ್ಟೆಯ ತುದಿ ತೆಗೆದು ಉಳಿದದ್ದನ್ನು ಮರುಜೋಡಿಸುತ್ತಾರೆ. ಆಮೇಲೆ ಊಟ ಅರಗಿಸುವ ಕಿಣ್ವ ಸಾಲದೆ ಕೊಬ್ಬು, ಪ್ರೋಟೀನ್ ಅರಗದೆ ಹೊರಹೋಗಬಹುದು. ಊಟದ ಜೊತೆ ಕಿಣ್ವದ ಮಾತ್ರೆ ತಗೊಂಡರೂ ಕೆಲವರಲ್ಲಿ ವರ್ಷಗಟ್ಟಲೆ ತೂಕ ನಿಲ್ಲುವುದಿಲ್ಲ. ಅಂದರೆ ಕ್ಯಾನ್ಸರ್ ಮರಳಿದವರೂ ಸಣ್ಣಗಾಗುತ್ತಾರೆ, ಮರಳದವರೂ ಸಣ್ಣಗಾಗುತ್ತಾರೆ. 2008ರ ವೇದಿಕೆಯ ಫೋಟೊದಿಂದ ಇವೆರಡನ್ನು ಬೇರ್ಪಡಿಸಲು ಯಾವ ವೈದ್ಯರಿಗೂ ಸಾಧ್ಯವಿರಲಿಲ್ಲ. ಜನರ ಊಹೆ ನಿಜವಾಯಿತು ಅನ್ನುವುದು ಬೇರೆ ಮಾತು. 2011ರ ಫೆಬ್ರವರಿಯಲ್ಲಿ ಅಮೆರಿಕದ ಗಾಸಿಪ್ ಪತ್ರಿಕೆಯೊಂದು ವೈದ್ಯರೊಬ್ಬರಿಗೆ ಫೋಟೊ ತೋರಿಸಿ, ಅವರಿಂದ ಜಾಬ್ಸ್‌ಗೆ ಆರೇ ವಾರ ಉಳಿದಿದೆ ಎಂದು ಹೇಳಿಸಿತ್ತು. ಜಾಬ್ಸ್ ತೀರಿಕೊಂಡದ್ದು ಅಕ್ಟೋಬರ್ 5ಕ್ಕೆ.

‘ಹಾರ್ಮೋನ್ ಏರುಪೇರು’ ಅಕ್ಷರಶಃ ಸುಳ್ಳಾಗಿರಬೇಕಿಲ್ಲ. ಈ ಜಾತಿಯ ಗೆಡ್ಡೆಗಳಲ್ಲಿ ಕೆಲವು ತಾವೇ ಹಾರ್ಮೋನ್ ಸುರಿಸುತ್ತವೆ. ಉದಾಹರಣೆಗೆ ಗ್ಲುಕಗಾನ್ ಎಂಬ ಹಾರ್ಮೋನ್ ಹೆಚ್ಚಾದರೆ ದೇಹ ತನ್ನ ಪ್ರೋಟೀನನ್ನೇ ಕರಗಿಸುತ್ತದೆ. ಅಂಥ ಹಿನ್ನೆಲೆಯ ರೋಗಿಯಲ್ಲಿ ಹಾರ್ಮೋನ್ ಕಾರಣ ಎಂದು ಬರೆದು ಗೆಡ್ಡೆ ಮರಳಿದೆಯೋ ಇಲ್ಲವೋ ಅನ್ನುವುದನ್ನು ಬಿಟ್ಟರೆ, ಓದಿದವರಿಗೆ ಥೈರಾಯ್ಡ್ ಥರದ್ದೇನೋ ಅನ್ನಿಸುತ್ತದೆ. ಮೇಷ್ಟ್ರು ಹೇಳಿದ ಅರ್ಧ ಸತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಯಕೃತ್ ಕಸಿಯ ಬಗ್ಗೆಯೂ ಒಂದು ಮಾತು. ಕಸಿ ನಡೆದದ್ದು 2009ರ ಮಾರ್ಚ್‌ನಲ್ಲಿ, ಟೆನೆಸ್ಸಿ ರಾಜ್ಯದ ಮೆಂಫಿಸ್‌ನಲ್ಲಿ. ಸುದ್ದಿ ಹೊರಬಿದ್ದದ್ದು ಜೂನ್ 20ಕ್ಕೆ, ಮೂರು ದಿನದ ಮೇಲೆ ಆಸ್ಪತ್ರೆ ರೋಗಿಯ ಒಪ್ಪಿಗೆ ಪಡೆದು ದೃಢಪಡಿಸಿತು. ದುಡ್ಡು ಕೊಟ್ಟು ಸಾಲು ಹಾರಿದರು ಅನ್ನುವ ಕೂಗು ಎದ್ದಿತು. ಆಗ ಯಕೃತ್ ಹಂಚಿಕೆ ನಡೆಯುತ್ತಿದ್ದುದು ರೋಗ ಎಷ್ಟು ತೀವ್ರ ಎಂದು ಅಳೆಯುವ ಮೆಲ್ಡ್ ಅಂಕದ ಮೇಲೆ: ರಕ್ತ ಪರೀಕ್ಷೆಯ ಮೂರು ಅಳತೆ (ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್) ನೋಡಿ 6ರಿಂದ 40ರವರೆಗೆ ಅಂಕ, ಹೆಚ್ಚು ಅಂಕದವರಿಗೆ ಮೊದಲು. ಆ ರಕ್ತಗುಂಪಿನಲ್ಲಿ ಅತಿ ಹೆಚ್ಚು ಅಂಕ ಅವರದ್ದೇ ಇತ್ತು ಎಂದು ಆಸ್ಪತ್ರೆ ಹೇಳಿತು. ಆದರೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹೆಸರು ನೋಂದಾಯಿಸಲು ಅಲ್ಲಿ ಅವಕಾಶವಿದೆ. ಪ್ರತಿ ಕೇಂದ್ರದಲ್ಲೂ ಪೂರ್ತಿ ತಪಾಸಣೆ ಆಗಬೇಕು, ಕರೆ ಬಂದ ಕೆಲವೇ ಗಂಟೆಗಳಲ್ಲಿ ಅಲ್ಲಿರಬೇಕು. ಆಗ ಕ್ಯಾಲಿಫೋರ್ನಿಯಾದ ಸಾಲು ಉದ್ದವಿತ್ತು, ಟೆನೆಸ್ಸಿಯದ್ದು ಚಿಕ್ಕದಿತ್ತು. ಸ್ವಂತ ಜೆಟ್ ಕೆಲಸಕ್ಕೆ ಬಂದದ್ದು ಅಲ್ಲಿ. ನಿಯಮ ಮುರಿಯಲಿಲ್ಲ, ನಿಯಮ ಉಳ್ಳವರಿಗೆ ಅನುಕೂಲವಾಗಿತ್ತು.

ಸುದ್ದಿಮನೆ

ಖಾಸಗಿತನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತಿದೆ. ‘ರೋಗಿಯ ಮಾಹಿತಿ ಗುಟ್ಟಾಗಿಡುವ ಹಿಪಾ ಕಾನೂನು ಅಮೆರಿಕದಲ್ಲಿ ಇದೆ, ಪತ್ರಿಕೆಗಳು ಬರೆಯುವ ಹಾಗೇ ಇರಲಿಲ್ಲ’ ಅಂತ. 1996ರ ಆ ಕಾನೂನು ಕಟ್ಟಿಹಾಕುವುದು ಆಸ್ಪತ್ರೆ, ವೈದ್ಯರು, ವಿಮಾ ಕಂಪನಿ ಇಂಥವರನ್ನು. ಪತ್ರಕರ್ತರಿಗಾಗಲಿ ವಿಶ್ಲೇಷಕರಿಗಾಗಲಿ ಅದು ತಾಗುವುದಿಲ್ಲ. ರೋಗಿ ತಾನೇ ಹೇಳಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಇದರ ಇನ್ನೊಂದು ಮುಖ: ಆಸ್ಪತ್ರೆಯವರು ಕಂಪನಿಯ ಆಡಳಿತ ಮಂಡಳಿಗೂ ಹೇಳುವ ಹಾಗಿಲ್ಲ. ಕಾರು ಕಂಪನಿ ಫಿಯೆಟ್ ಕ್ರೈಸ್ಲರ್‌ನ ಸಿಇಒ ಆಗಿದ್ದ ಸೆರ್ಜಿಯೊ ಮಾರ್ಕಿಯೊನ್ನೆ 2018ರ ಜುಲೈ 25ರಂದು ಜೂರಿಕ್‌ನಲ್ಲಿ ತೀರಿಕೊಂಡರು. ವರ್ಷಕ್ಕೂ ಮೇಲ್ಪಟ್ಟು ಗಂಭೀರ ರೋಗಕ್ಕೆ ಚಿಕಿತ್ಸೆ ನಡೆದಿತ್ತು ಅಂದಿತು ಆಸ್ಪತ್ರೆ. ತನಗೆ ಗೊತ್ತೇ ಇರಲಿಲ್ಲ ಅಂದಿತು ಕಂಪನಿ. ರೈಲ್ವೆ ಕಂಪನಿ ಸಿಎಸ್‌ಎಕ್ಸ್ 2017ರಲ್ಲಿ ಹಂಟರ್ ಹ್ಯಾರಿಸನ್ ಅವರನ್ನು ಸಿಇಒ ಆಗಿ ತಂದಾಗ ಅವರು ವೈದ್ಯಕೀಯ ದಾಖಲೆ ತೋರಿಸಲು ಒಪ್ಪಲಿಲ್ಲ. ಡಿಸೆಂಬರ್ 14ಕ್ಕೆ ರಜೆಯ ಪ್ರಕಟಣೆ, 16ಕ್ಕೆ ಸಾವು. ಸಿಇಒ ಒಪ್ಪಂದದಲ್ಲೇ ‘ಕೆಲಸ ಮಾಡುವ ಶಕ್ತಿಗೆ ಧಕ್ಕೆ ಬಂದರೆ ಮಂಡಳಿಯ ಇಂಥ ಸದಸ್ಯರಿಗೆ ತಿಳಿಸಬೇಕು’ ಎಂದು ಬರೆಸದಿದ್ದರೆ ಆಮೇಲೆ ಕೇಳಲು ದಾರಿ ಇರುವುದಿಲ್ಲ.

ವದಂತಿಯ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ 2008ರ ಅಕ್ಟೋಬರ್ 3 ನೋಡಿ. ಸಿಎನ್‌ಎನ್‌ನ ಐರಿಪೋರ್ಟ್‌ನಲ್ಲಿ (ಓದುಗರೇ ಸುದ್ದಿ ಹಾಕಬಹುದಾಗಿದ್ದ ತಾಣ) ಯಾರೋ ‘ಜಾಬ್ಸ್‌ಗೆ ಹೃದಯಾಘಾತ’ ಎಂದು ಹಾಕಿದರು, ಷೇರು ಶೇ 5ಕ್ಕೂ ಹೆಚ್ಚು ಜಾರಿತು, ಕಂಪನಿ ಅಲ್ಲಗಳೆದ ಮೇಲೆ ಮೇಲಕ್ಕೆ ಬಂತು. ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಜಾಬ್ಸ್ ಅವರ ಶ್ರದ್ಧಾಂಜಲಿ ಲೇಖನವನ್ನೇ ಕೈತಪ್ಪಿ ಪ್ರಕಟಿಸಿತ್ತು. ಸೆಪ್ಟೆಂಬರ್ 9ರ ವೇದಿಕೆಯಲ್ಲಿ ಜಾಬ್ಸ್ ತಮ್ಮ ಸಾವಿನ ಸುದ್ದಿ ಉತ್ಪ್ರೇಕ್ಷೆ ಎಂಬ ಸ್ಲೈಡ್ ತೋರಿಸಿ ನಗಿಸಿದರು. ನಗು ಬಂತು, ಅನುಮಾನ ಹೋಗಲಿಲ್ಲ.

ಹೂಡಿಕೆ_ಮೈಸೂರು

ಎಲ್ಲರಿಗೂ ಧನ್ಯವಾದ. ಸೆಬಿ ಭಾಗ ಉಳಿಯಿತು. ಜೊತೆಗೆ, ಹಾಗಾದರೆ ಪ್ರಕಟಣೆಯಲ್ಲಿ ಏನಿರಬೇಕು?

ಸಿಎಸ್_ಹುಬ್ಬಳ್ಳಿ

ಸೆಬಿಯ ಲಿಸ್ಟಿಂಗ್ ನಿಯಮಾವಳಿ, ರೆಗ್ಯುಲೇಶನ್ 30, ಮೂರನೇ ಶೆಡ್ಯೂಲ್, ಭಾಗ ಎ, ಪ್ಯಾರಾ ಎ, ಕಲಂ 7ಡಿ. 2023ರ ತಿದ್ದುಪಡಿಯಲ್ಲಿ ಬಂದದ್ದು. ಎಂಡಿ ಅಥವಾ ಸಿಇಒ ಯಾವುದೇ 90 ದಿನಗಳ ಅವಧಿಯಲ್ಲಿ 45ಕ್ಕಿಂತ ಹೆಚ್ಚು ದಿನ ಅಸ್ವಸ್ಥರಾಗಿಯೋ ಬೇರೆ ಕಾರಣಕ್ಕೋ ನಿಯಮಿತವಾಗಿ ಕೆಲಸ ಮಾಡಲಾಗದಿದ್ದರೆ, ಕಾರಣದ ಸಮೇತ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು.

ಇದನ್ನು ಜಾಬ್ಸ್‌ಗೆ ಹಚ್ಚಿದರೆ ಮಜಾ ಇದೆ. 2003–04ರ ಒಂಬತ್ತು ತಿಂಗಳು ಸಿಕ್ಕಿಬೀಳುವುದಿಲ್ಲ, ಅವರು ಕೆಲಸದಲ್ಲಿದ್ದರು. 2004ರ ಆಗಸ್ಟ್‌ನ ಒಂದು ತಿಂಗಳ ವಿಶ್ರಾಂತಿಯೂ 45 ದಾಟುವುದಿಲ್ಲ. 2009ರ ರಜೆ ಮಾರ್ಚ್ ಶುರುವಿಗೆ ಸಿಕ್ಕಿಬೀಳುತ್ತದೆ. ಅಂದರೆ ಈ ಕಲಂ ಹಿಡಿಯುವುದು ಗೈರುಹಾಜರಿಯನ್ನು, ರೋಗವನ್ನಲ್ಲ. 45 ದಿನದವರೆಗೆ ಸುಮ್ಮನಿರಬಹುದು ಅಂತ ಓದಬೇಡಿ, ಮಹತ್ವದ ಮಾಹಿತಿಯ ಸಾಮಾನ್ಯ ಅಳತೆ ಹಾಗೇ ಇರುತ್ತದೆ.

ವದಂತಿಗೆ ರೆಗ್ಯುಲೇಶನ್ 30(11) ಇದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳು, ಮುಖ್ಯವಾಹಿನಿಯ ಮಾಧ್ಯಮದಲ್ಲಿ ಬಂದ ಸುದ್ದಿಯಿಂದ ಬೆಲೆಯಲ್ಲಿ ಗಣನೀಯ ಏರಿಳಿತ ಆದರೆ, 24 ಗಂಟೆಯೊಳಗೆ ಹೌದು, ಅಲ್ಲ ಅಥವಾ ಸ್ಪಷ್ಟನೆ ಕೊಡಬೇಕು. ಜಾಲತಾಣದಲ್ಲಿ ಯಾರೋ ಹಾಕಿದ ಪೋಸ್ಟ್ ಇದರ ಲೆಕ್ಕಕ್ಕೆ ಬರುವುದಿಲ್ಲ.

ಪ್ರಕಟಣೆಗಿಂತ ಮುಂಚಿನ ಕೆಲಸದಲ್ಲೇ ಹೆಚ್ಚು ಎಡವುತ್ತಾರೆ. ಸಿಇಒ ವಿಷಯ ಹೇಳಿದ ಕ್ಷಣದಿಂದ ಗೊತ್ತಿರುವ ಪ್ರತಿಯೊಬ್ಬರ ಹೆಸರು, ಪ್ಯಾನ್ ಸಂಖ್ಯೆ, ಸಮಯ ಎಲ್ಲ ಒಳವ್ಯಾಪಾರ (ಒಳಗುಟ್ಟು ಬಳಸಿ ಷೇರು ವ್ಯವಹಾರ) ತಡೆಯುವ ನಿಯಮದ ಡಿಜಿಟಲ್ ದಾಖಲೆಗೆ ಹೋಗಬೇಕು. ಅವರ ಮಟ್ಟಿಗೆ ವಹಿವಾಟಿನ ಕಿಟಕಿ ಮುಚ್ಚಬೇಕು, ಅಂದರೆ ಅವರು ಕಂಪನಿಯ ಷೇರು ಕೊಳ್ಳುವ, ಮಾರುವ ಹಾಗಿಲ್ಲ. ಕಂಪನಿ ತನ್ನದೇ ಷೇರುಗಳ ಮರುಖರೀದಿ ನಡೆಸುತ್ತಿದ್ದರೆ ಕಾನೂನು ಸಲಹೆ ಸಿಗುವವರೆಗೆ ನಿಲ್ಲಿಸಿ. ಸಿಇಒ ಸಹಿ ಬೇಕಾದ ಕಾಗದಗಳ ಪಟ್ಟಿ ಮಾಡಿ: ಬ್ಯಾಂಕ್ ಅಧಿಕಾರ, ಹಣಕಾಸು ದೃಢೀಕರಣ. ಹಂಗಾಮಿ ಸಿಇಒಗೆ ಅಧಿಕಾರ ಕೊಡುವ ಮಂಡಳಿಯ ನಿರ್ಣಯ ಇಲ್ಲದೆ ತ್ರೈಮಾಸಿಕ ಫಲಿತಾಂಶದ ದಿನ ಪೇಚಾಟ ಖಂಡಿತ. ಕ್ರಮವೂ ಮುಖ್ಯ. ಪೇಟೆ ಮುಚ್ಚಿದ ಮೇಲೆ ಮೊದಲು ವಿನಿಮಯ ಕೇಂದ್ರಕ್ಕೆ, ಆಮೇಲೆ ಸಿಬ್ಬಂದಿಗೆ. ಉಲ್ಟಾ ಮಾಡಿದರೆ ಮೇಲ್ ಐದು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿರುತ್ತದೆ.

ಒಕ್ಕಣೆಯಲ್ಲಿ ಬೇಕಾದದ್ದು: ಯಾವ ದಿನದಿಂದ, ಯಾರು ಹಂಗಾಮಿ, ಯಾವ ನಿರ್ಧಾರಗಳು ಸಿಇಒ ಕೈಯಲ್ಲೇ ಉಳಿಯುತ್ತವೆ, ಮತ್ತೆ ಯಾವಾಗ ತಿಳಿಸುತ್ತೀರಿ. ರೋಗದ ಹೆಸರು ಅವರ ಇಷ್ಟ. ‘ಸಣ್ಣ’, ‘ಸರಳ’, ‘ಪೂರ್ತಿ ಗುಣ’ ಈ ಮೂರನ್ನು ಕರಡಿನಲ್ಲಿ ಕಂಡರೆ ಹೊಡೆದುಹಾಕಿ. ಹೆಸರು ಹೇಳುವುದಾದರೆ ಅಮೆರಿಕದ ಬ್ಯಾಂಕ್ ಜೆಪಿ ಮಾರ್ಗನ್‌ನ ಸಿಇಒ ಆಗಿ ಜೇಮಿ ಡೈಮನ್ 2014ರ ಜುಲೈ 1ರಂದು ಬರೆದದ್ದು ಒಳ್ಳೆಯ ಮಾದರಿ: ಗಂಟಲಿನ ಕ್ಯಾನ್ಸರ್, ಎಲ್ಲಿಯವರೆಗೆ ಹರಡಿದೆ, ಸುಮಾರು ಎಂಟು ವಾರ ಚಿಕಿತ್ಸೆ, ಪ್ರಯಾಣ ಕಡಿಮೆ, ಸ್ಥಿತಿ ಬದಲಾದರೆ ಹೇಳುತ್ತೇನೆ.

ಕಂಪ್ಲಯನ್ಸ್‌ಮೇಷ್ಟ್ರು

ಹುಬ್ಬಳ್ಳಿಯವರ ಮಾತಿಗೆ ಒಂದು ಸೇರ್ಪಡೆ. ಆಪಲ್ ಕೂಡ 2011ರಲ್ಲಿ ಈ ದಾರಿಗೇ ಬಂತು. ಜನವರಿ 17ರ ರಜೆಯ ಪತ್ರದಲ್ಲಿ ರೋಗದ ವರ್ಣನೆ ಇಲ್ಲ, ವಾಪಸಾಗುವ ದಿನಾಂಕ ಇಲ್ಲ. ದೈನಂದಿನ ಹೊಣೆ ಕಾರ್ಯಾಚರಣೆಯ ಮುಖ್ಯಸ್ಥ ಟಿಮ್ ಕುಕ್‌ಗೆ, ದೊಡ್ಡ ತೀರ್ಮಾನಗಳಲ್ಲಿ ತಾನಿರುತ್ತೇನೆ, ಕುಟುಂಬದ ಖಾಸಗಿತನ ಗೌರವಿಸಿ, ಅಷ್ಟೇ. ಅಮೆರಿಕದ ಪೇಟೆಗೆ ಅಂದು ರಜೆ. ಮರುದಿನ 26.74 ಶತಕೋಟಿ ಡಾಲರ್ ಆದಾಯದ ಫಲಿತಾಂಶ, ಷೇರು ಇಳಿದದ್ದು ಶೇ 2ರ ಆಸುಪಾಸು. ಉತ್ತರಾಧಿಕಾರಿ ಯೋಜನೆ ಪ್ರಕಟಿಸಿ ಎಂಬ ಪಿಂಚಣಿ ನಿಧಿಯೊಂದರ ಗೊತ್ತುವಳಿ ಫೆಬ್ರವರಿ 23ರ ವಾರ್ಷಿಕ ಸಭೆಯಲ್ಲಿ ಸೋತಿತು. ಆದರೆ ಆಗಸ್ಟ್ 24ರ ರಾಜೀನಾಮೆ ಪತ್ರದಲ್ಲಿ ಜಾಬ್ಸ್ ಆ ಯೋಜನೆ ಜಾರಿ ಮಾಡಿ ಎಂದು ಬರೆದು ಕುಕ್ ಹೆಸರನ್ನೇ ಸೂಚಿಸಿದರು. ಪೇಟೆ ಎರಡು ವರ್ಷ ಮುಂಚೆಯೇ, 2009ರ ರಜೆಯಲ್ಲಿ ಕುಕ್ ಕಂಪನಿ ನಡೆಸಿದಾಗಲೇ, ಅವರ ಕೆಲಸ ನೋಡಿಯಾಗಿತ್ತು, ಮರುದಿನ ಷೇರು ಬಿದ್ದದ್ದು ಶೇ 1ಕ್ಕಿಂತ ಕಡಿಮೆ.